ಮೂರನೆಯ ಕರಾರು

ಪಾರ್ಕು ಬೇಕು ಎಂದು ಹಳೇಬೀಡಿನಲ್ಲಿ ಯಾರೂ ಕೇಳಿರಲಿಲ್ಲ. ಕೆರೆ ತನ್ನಷ್ಟಕ್ಕೆ ತಾನು ಇತ್ತು, ಎಮ್ಮೆಗಳು ಈಜುತ್ತಿದ್ದವು, ನಾವು ಸಂಜೆ ಏರಿಯ ಮೇಲೆ ಅಡ್ಡಾಡಿ ಮನೆಗೆ ಹೋಗುತ್ತಿದ್ದೆವು. ಯಾರೋ ದೊಡ್ಡ ಮನುಷ್ಯರು ಬಂದವರು ದಂಡೆಯ ಮೇಲೆ ನಿಂತು, ಇಂಥ ಜಾಗ ಹಾಳು ಬಿದ್ದಿದೆಯಲ್ಲ ಎಂದು ಮರುಗಿದರಂತೆ. ಅವರ ಮರುಕದಿಂದ ಆರು ಸಿಮೆಂಟು ಬೆಂಚು, ಎರಡು ಸಾಲು ಕ್ರೋಟನ್ ಗಿಡ, ಒಂದು ತಗಡಿನ ಬೋರ್ಡು, ನೀರು ಸೋರುವ ಒಂದು ದೋಣಿ ಬಂದವು. ಅವುಗಳ ಹಿಂದೆ ಜನ ಬಂದರು. ಜಾಗ ನಿಜವಾಗಿ ಹಾಳು ಬಿದ್ದದ್ದು ಆಮೇಲೆ.

ನಾನು ಆಗ ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಹೆಸರು ಅನಂತಸ್ವಾಮಿ. ಸ್ವಂತ ಊರು ಬೇಲೂರು. ನಮ್ಮ ತಂದೆ ದೇವಸ್ಥಾನದ ಅಡುಗೆಮನೆಯಲ್ಲಿ ನೈವೇದ್ಯ ಮಾಡುತ್ತಿದ್ದವರು. ಕೊಳಕು ಕಂಡರೆ ನನಗೆ ಚಿಕ್ಕಂದಿನಿಂದ ಆಗದು. ಬಾಯಿಮಾತಿಗೆ ಹೇಳುತ್ತಿಲ್ಲ, ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ. "ನಿಮ್ಮ ಕಾಟಕ್ಕೆ ಈ ಮನೇಲಿ ಒಂದು ನೊಣಾನೂ ಸಂಸಾರ ಹೂಡಲ್ಲ ಕಣ್ರೀ" ಎಂದು ನನ್ನ ಹೆಂಡತಿ ಯದುಗಿರಿ ಹಂಗಿಸುತ್ತಿದ್ದಳು. ಪಾರ್ಕು ಗಲೀಜಾಗಿದೆ ಎಂದು ಪಂಚಾಯಿತಿಗೆ ಏಳು ಅರ್ಜಿ ಬರೆದೆ. ಎಂಟನೆಯದು ಬರೆಯುವ ಮೊದಲೇ ಅವರು ಒಂದು ಪಾರ್ಕು ಕಮಿಟಿ ಮಾಡಿ, ನನ್ನನ್ನೇ ಅದಕ್ಕೆ ಕಾರ್ಯದರ್ಶಿ ಮಾಡಿ ಕೈತೊಳೆದುಕೊಂಡರು.

ಐವತ್ತೊಂಬತ್ತನೆಯ ಇಸವಿ. ಕಾರ್ತಿಕದ ಹುಣ್ಣಿಮೆ ಭಾನುವಾರ ಬಿದ್ದಿತ್ತು. ಶನಿವಾರ ಮಧ್ಯಾಹ್ನವೇ ಅರಸೀಕೆರೆಯಿಂದ ಒಂದು ಲಾರಿ ಬಂದು ಕೆರೆಯ ದಂಡೆಯಲ್ಲಿ ನಿಂತಿತು. ಅದರಿಂದ ಇಪ್ಪತ್ತೈದು ಜನ ಗಂಡಸರು, ನಾಲ್ಕು ಗುಡಾರ, ಒಂದು ಗ್ರಾಮಫೋನು, ಅದಕ್ಕೆ ಲೌಡ್‌ಸ್ಪೀಕರು, ಇಸ್ಪೀಟು, ಹಂಡೆ, ಸೌದೆ ಇಳಿದವು. ಅರಸೀಕೆರೆಯ ಗುಮಾಸ್ತರೂ ಅಂಗಡಿಯವರೂ ಸೇರಿ ಕಟ್ಟಿಕೊಂಡ ವಿಹಾರ ಸಂಘವಂತೆ. ಎರಡು ರಾತ್ರಿ ಕ್ಯಾಂಪು, ಬೆಳದಿಂಗಳ ಊಟ, ದೋಣಿವಿಹಾರ. ಮುಂದಾಳು ಸುಂದರರಾಜ. ಅವನು ಯದುಗಿರಿಯ ಸೋದರತ್ತೆಯ ಮಗ. ಹಣೆಯ ಮೇಲೆ ನಾಮ, ಕಣ್ಣಿಗೆ ಕಪ್ಪು ಕನ್ನಡಕ.

"ಭಾವ, ಎಲ್ಲಾ ಇದೆ, ಕುಡಿಯೋ ನೀರೊಂದು ಇಲ್ಲ. ಕೆರೆ ನೀರಲ್ಲಿ ಎಮ್ಮೆ ಮಲಗಿವೆ. ನೀವೇ ಒಂದು ಏರ್ಪಾಡು ಮಾಡ್ಬೇಕು" ಎಂದ.

ಆ ಕಡೆ ದಂಡೆಗೆ ಹತ್ತಿರದಲ್ಲಿ ಇದ್ದದ್ದು ಪದ್ಮಣ್ಣನವರ ಬಾವಿ. ಪದ್ಮಣ್ಣನವರು ಬಸದಿಯ ಪಕ್ಕದ ಜೈನರು, ಜಮೀನುದಾರರು, ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಸುತ್ತಲಿನ ಬೇರೆ ಬಾವಿಗಳಲ್ಲೆಲ್ಲ ಎತ್ತು ಎಳೆಯುವ ಚರ್ಮದ ಕಪಿಲೆ ಇಳಿಯುತ್ತಿತ್ತು. ಚರ್ಮ ಸೋಕಿದ ನೀರನ್ನು ಅವರ ಮನೆಯವರು ಮುಟ್ಟರು. ಹಿತ್ತಾಳೆ ಕೊಡವೊಂದೇ ಇಳಿಯುವ ಬಾವಿ ಅದು. ನಾನು ಹೋಗಿ ಕೇಳಿದೆ.

"ಬಾಯಾರಿದೋರಿಗೆ ಇಲ್ಲ ಅನ್ನೋದು ಹೇಗೆ ಮೇಷ್ಟ್ರೇ" ಎಂದರು ಪದ್ಮಣ್ಣನವರು. "ಆದ್ರೆ ಅಕ್ಕಂದು ಉಪವಾಸ ನಡೀತಿದೆ. ಹುಣ್ಣಿಮೆಗೆ ಎಂಟು ದಿನ ತುಂಬುತ್ತೆ. ಸೋಮವಾರ ಬೆಳಿಗ್ಗೆ ಈ ಬಾವಿ ನೀರಲ್ಲೇ ಪಾರಣೆ."

ಅವರ ಅಕ್ಕ ಜಿನಮತಿಯವರಿಗೆ ಅರವತ್ತು ದಾಟಿತ್ತು. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಏಳು ದಿನದಿಂದ ಅನ್ನವಿಲ್ಲ, ಹಣ್ಣಿಲ್ಲ. ದಿನಕ್ಕೆ ಒಂದೇ ಸಲ, ಕಾಯಿಸಿ ಆರಿಸಿದ ನೀರು. ಡಿಸ್ಪೆನ್ಸರಿಯ ಡಾಕ್ಟರು ನಾಡಿ ನೋಡಿ, ಸೋಮವಾರ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇನ್ನೊಂದು ದಿನ ಎಳೆದರೆ ನಾನು ಜವಾಬ್ದಾರನಲ್ಲ ಎಂದು ಹೇಳಿ ಹೋಗಿದ್ದರಂತೆ.

"ಪಾರಣೆ ಹೊತ್ತಲ್ಲಿ ಕಣ್ಣೆದುರಿಗೆ ಒಂದು ಜೀವ ಹೋದ್ರೆ ಅಂತರಾಯ ಅಂತೀವಿ ನಾವು. ಆವತ್ತು ಅಷ್ಟೆ, ಎದ್ದುಬಿಡ್ತಾಳೆ. ತೊಟ್ಟು ನೀರೂ ಇಲ್ಲ. ಅದಕ್ಕೇ ಭಯ ನಂಗೆ" ಎಂದರು.

ಆಮೇಲೆ ಮೂರು ಕರಾರು ಹೇಳಿದರು. ಒಂದು, ನಮ್ಮ ಕೊಡ, ನಮ್ಮ ಹಗ್ಗ, ಬೇರೆ ಪಾತ್ರೆ ಇಳಿಸಕೂಡದು. ಎರಡು, ಮಾಂಸ ಮೀನು ಬಾವಿಯ ಹತ್ತಿರ ಸುಳಿಯಕೂಡದು. ಮೂರು, ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಅದೇ ಬಾವಿಗೆ ಬಿಡಬೇಕು. ಅದಕ್ಕೆಂದೇ ಬಾವಿಯ ಕಂಬದಲ್ಲಿ ಒಂದು ಪುಟ್ಟ ಚೆಂಬು ತೂಗುಹಾಕಿತ್ತು. ಬಾಯಿಗೊಂದು ಹಗ್ಗ, ಬುಡದ ಕೊಂಡಿಗೊಂದು ದಾರ. ಬಟ್ಟೆಯಲ್ಲಿ ಉಳಿದದ್ದನ್ನು ಅದಕ್ಕೆ ತೊಳೆದು ಹಾಕಿ, ಮೆಲ್ಲಗೆ ಇಳಿಸಿ, ನೀರು ಮುಟ್ಟಿದ ಮೇಲೆ ದಾರ ಎಳೆದು ಮಗುಚಬೇಕು. ಮೇಲಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದಂತೆ.

ನಾನು ಆಗಲಿ ಆಗಲಿ ಎಂದು ತಲೆಯಾಡಿಸಿದೆ. ಸುಂದರರಾಜನಿಗೆ ಮೊದಲ ಎರಡು ಕರಾರನ್ನು ಕಿವಿ ಹಿಂಡಿದ ಹಾಗೆ ಹೇಳಿದೆ. ಮೂರನೆಯದನ್ನು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಬಟ್ಟೆಯಲ್ಲಿ ಸಿಕ್ಕಿದ ಹುಳಹುಪ್ಪಟೆಯನ್ನು ಕುಡಿಯುವ ಬಾವಿಗೇ ವಾಪಸು ಬಿಡುವುದೆಂದರೆ ನನಗೇ ವಾಕರಿಕೆ. ಇದೂ ಒಂದು ಮಡಿಯಾ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಇನ್ನೂ ಸಂಧ್ಯಾವಂದನೆಗೆ ಕೂತಿರಲಿಲ್ಲ, ಪಾರ್ಕಿನ ಕಾವಲುಗಾರ ಏಕಾಂತಯ್ಯ ಬಾಗಿಲಲ್ಲಿ ನಿಂತ.

"ಸ್ವಾಮಿ, ಜಲ್ದಿ ಬನ್ನಿ. ಪದ್ಮಣ್ಣೋರ ಬಾವಿ ತಾವ ಮೀನ್ ತೊಳೀತಾವ್ರೆ."

"ಯಾರೋ?"

"ಇನ್ಯಾರು, ನಿಮ್ ನೆಂಟ್ರು."

ಮೈಯೆಲ್ಲ ಉರಿದುಹೋಯಿತು. ಉಟ್ಟ ಪಂಚೆಯಲ್ಲೇ ಓಡಿದೆ. ದಾರಿಯುದ್ದಕ್ಕೂ ಏನೇನು ಕಂಡೆ ಎಂದು ಹೇಳಬಾರದು ಅಂದುಕೊಂಡಿದ್ದೆ, ಹೇಳಿಯೇಬಿಡುತ್ತೇನೆ. ಎಂಜಲೆಲೆಗಳನ್ನು ಕ್ರೋಟನ್ ಗಿಡಗಳ ಬುಡಕ್ಕೆ ಒಗೆದಿದ್ದರು, ನಾಯಿಗಳು ಎಳೆದಾಡುತ್ತಿದ್ದವು. ಸಿಮೆಂಟು ಬೆಂಚಿನ ಮೇಲೆ ಯಾರೋ ವಾಂತಿ ಮಾಡಿದ್ದ. ಅದರ ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬ ಬಾಯಿ ತೆರೆದು ಮಲಗಿದ್ದ, ನೊಣಗಳು ಇವನಿಂದ ಅದಕ್ಕೆ, ಅದರಿಂದ ಇವನಿಗೆ ಓಡಾಡುತ್ತಿದ್ದವು. ಒಬ್ಬ ಮಹಾನುಭಾವ ದೇವಸ್ಥಾನದ ಗೋಡೆಗೆ ಒರಗಿ ಎಲೆಯಡಿಕೆ ಉಗಿದಿದ್ದ. ಕಲ್ಲಾನೆಯ ಕಣ್ಣಿಂದ ಕೆಂಪಗೆ ಇಳಿಯುತ್ತಿತ್ತು. ದಂಡೆಯ ಉದ್ದಕ್ಕೂ, ನೀರಿಗೆ ಎರಡು ಮಾರು ದೂರದಲ್ಲಿ, ಇಪ್ಪತ್ತೈದು ಜನರೂ ಬೆಳಗಿನ ಕೆಲಸ ಮುಗಿಸಿ ಹೋಗಿದ್ದರು. ಕೆಲವರು ಅದೇ ನೀರಲ್ಲಿ ಮುಖ ತೊಳೆಯುತ್ತಿದ್ದರು. ಲೌಡ್‌ಸ್ಪೀಕರಿನಲ್ಲಿ ಯಾವಳೋ ವಿರಹದಿಂದ ಹಾಡುತ್ತಿದ್ದಳು. ಥೂ!

ಬಾವಿಯ ಕಟ್ಟೆಯ ಮೇಲೆ ಇಬ್ಬರು ಕೂತು ಮೀನಿನ ಹೊಟ್ಟೆ ಬಗೆಯುತ್ತಿದ್ದರು. ಕರುಳು ಒಂದು ಕಡೆ, ಹುರುಪೆ ಒಂದು ಕಡೆ. ಮೀನು ಹಾಕಿದ್ದ ಪಾತ್ರೆಯನ್ನೇ ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಲು ಗಂಟು ಬಿಗಿಯುತ್ತಿದ್ದವನು ಸುಂದರರಾಜ. ನಾಮ ಇನ್ನೂ ಹಣೆಯ ಮೇಲಿತ್ತು.

"ಬಿಡೋ ಹಗ್ಗಾನ!" ಎಂದು ಕೂಗಿದೆ. ಎದುರು ದಂಡೆಯ ಎಮ್ಮೆಗಳೂ ತಲೆ ಎತ್ತಿದವು.

"ಯಾಕೆ ಭಾವ ಹೀಗೆ ಮೈಮೇಲೆ ಬರ್ತೀರಿ? ಕ್ಯಾಂಪ್ ಅಂದ್ಮೇಲೆ ಒಂದಿಷ್ಟು ಹೀಗೇ ಇರುತ್ತೆ. ಮನೇಲಿ ಯಾರಿಗೂ ಹೇಳ್ಬೇಡಿ ಅಷ್ಟೆ."

"ನಾಚಿಕೆ ಆಗಲ್ವೇನೋ ನಿನಗೆ? ನನ್ನ ಮಾತಿನ ಮೇಲೆ ಬಿಟ್ಟ ಬಾವಿ ಕಣೋ ಇದು!"

"ನೀರಿಗೆ ಏನೂ ಬಿದ್ದಿಲ್ಲ ಬಿಡಿ. ತೊಳೆದ್ರೆ ಹೋಯ್ತು."

ತೊಳೆದರೆ ಹೋಯಿತು! ತೊಳೆಯುವವನು ಯಾರು? ಅವರು ನಕ್ಕು ಮೀನೆತ್ತಿಕೊಂಡು ಗುಡಾರಕ್ಕೆ ಹೋದರು. ಕರುಳು ಬಿಟ್ಟು ಹೋದರು.

ಇಡೀ ಭಾನುವಾರ ಆ ಕಟ್ಟೆಯನ್ನು ತೊಳೆದೆ. ಏಕಾಂತಯ್ಯ ಕರುಳನ್ನು ಮೊರದಲ್ಲಿ ಬಳಿದು ದೂರ ಹೂತು ಬಂದ. ನಾನು ಕೆರೆಯಿಂದ ನೀರು ಹೊತ್ತು ತಂದು, ಬೂದಿ ಹಾಕಿ, ತೆಂಗಿನ ನಾರಿನಿಂದ ಕಲ್ಲಿನ ಸಂದಿ ಸಂದಿ ಉಜ್ಜಿದೆ. ಹುರುಪೆಗಳು ಉಗುರಿನೊಳಗೆ ಸೇರಿಕೊಂಡವು. ಎರಡು ಸಲ ಎದ್ದು ಹೋಗಿ ವಾಂತಿ ಮಾಡಿದೆ, ಮೂರನೆಯ ಸಲಕ್ಕೆ ಬರಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮನೆಯಿಂದ ಹೊಸ ಹಗ್ಗ ತಂದು ಕಟ್ಟಿದೆ. ಕೊಡವನ್ನು ಹುಣಿಸೆಹಣ್ಣಿನಲ್ಲಿ ಬೆಳಗಿದೆ. ಆ ಇಪ್ಪತ್ತೈದು ಜನರನ್ನೂ ಅವರನ್ನು ಹೆತ್ತವರನ್ನೂ ಮನಸ್ಸಿನಲ್ಲೇ ಬೈದೆ, ಕೆಲವು ಸಲ ಬಾಯಿ ಬಿಟ್ಟೂ ಬೈದೆ.

ಹೊತ್ತು ಇಳಿಯುವಾಗ ಪದ್ಮಣ್ಣನವರು ಬಂದು ನೋಡಿದರು.

"ಒಳಕ್ಕೆ ಏನೂ ಬಿದ್ದಿಲ್ಲ ತಾನೆ ಮೇಷ್ಟ್ರೇ?"

"ಇಲ್ಲ. ನನ್ನಾಣೆ. ಪಾತ್ರೆ ಇಳಿಯೋ ಮುಂಚೆ ತಡೆದೆ. ನಾಳೆ ಪಾರಣೆ ಆಗೋವರೆಗೂ ಈ ಕಟ್ಟೆ ಕಾಯೋದು ನನ್ನ ಜವಾಬ್ದಾರಿ."

ಅವರು ಕೈಮುಗಿದರು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಇಷ್ಟು ಹೊಲಸು ಜನರ ನಡುವೆ ನಾನೊಬ್ಬ ಶುದ್ಧ ಇದ್ದೇನೆ ಎನ್ನಿಸಿತು.

ರಾತ್ರಿ ಏಕಾಂತಯ್ಯನನ್ನು ಕಾವಲಿಗೆ ಕೂರಿಸಿ, ಸೋಮವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮಡಿ ಉಟ್ಟು ಬಾವಿಯ ಹತ್ತಿರ ಹೋದೆ. ಸ್ವಲ್ಪ ಹೊತ್ತಿಗೆ ಪದ್ಮಣ್ಣನವರು ಅಕ್ಕನನ್ನು ತೋಳು ಹಿಡಿದು ನಡೆಸಿಕೊಂಡು ಬಂದರು. ಬಿಳಿ ಸೀರೆಯೊಳಗೆ ಆಕೆ ಇದ್ದಾರೋ ಇಲ್ಲವೋ ಎನ್ನುವ ಹಾಗಿದ್ದರು. ತುಟಿ ಒಡೆದಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಪಾರಣೆಯ ನೀರು ಸೋಸುವುದನ್ನು ಕಣ್ಣಾರೆ ನೋಡಬೇಕೆಂದು ಹಟಹಿಡಿದು ಬಂದಿದ್ದರಂತೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಪದ್ಮಣ್ಣನವರು ಹಗ್ಗಕ್ಕೆ ಕೈಹಾಕಿದರು.

"ಮೇಷ್ಟ್ರು ನಿನ್ನೆ ಇಡೀ ದಿನ ಈ ಕಟ್ಟೆ ಉಜ್ಜಿದ್ರಂತೆ. ನೀರು ಅವರೇ ಸೇದಿ ಸೋಸಲಿ ಕಣೋ ಪದ್ಮ" ಎಂದರು ಜಿನಮತಿಯವರು. ದನಿ ಗಂಟಲಲ್ಲೇ ಇತ್ತು.

ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಆ ಊರಲ್ಲಿ ಯಾರೂ ಕೊಟ್ಟಿರಲಿಲ್ಲ. ಕೊಡ ಇಳಿಸಿ ಸೇದಿದೆ. ಬಿಂದಿಗೆಯ ಬಾಯಿಗೆ ಎರಡು ಪದರ ಬಟ್ಟೆ ಹಾಸಿ ಮೆಲ್ಲಗೆ ಹೊಯ್ದೆ. ನೀರೆಲ್ಲ ಇಳಿದ ಮೇಲೆ ಬಟ್ಟೆಯ ತಗ್ಗಿನಲ್ಲಿ ಒಂದು ಬೊಗಸೆಯಷ್ಟು ನಿಂತಿತು. ಅದರಲ್ಲಿ ಕೆಂಪು ದಾರದಂಥ ಹುಳಗಳು ಮಿಸುಕಾಡುತ್ತಿದ್ದವು. ಬಾಲವಿರುವ ಒಂದು ಕಪ್ಪೆಮರಿ, ಸಾಸಿವೆಗಿಂತ ಸ್ವಲ್ಪ ದೊಡ್ಡದು, ಗಿರಗಿರ ಸುತ್ತುತ್ತಿತ್ತು.

ಎರಡು ದಿನದಿಂದ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು. ವಾಂತಿ, ನೊಣ, ಕರುಳು, ಉಗುರಿನ ಹುರುಪೆ, ಎಲ್ಲ. ಯೋಚನೆ ಮಾಡಲಿಲ್ಲ. ಬಟ್ಟೆಯ ತುದಿ ಹಿಡಿದು ಎತ್ತಿ, ಬೇಲೂರಿನಲ್ಲಿ ನಮ್ಮ ತಾಯಿ ಮಾಡುತ್ತಿದ್ದ ಹಾಗೆ, ಒಗೆಯುವ ಕಲ್ಲಿಗೆ ಫಟ್ ಫಟ್ ಎಂದು ಮೂರು ಸಲ ಬಡಿದೆ. ಕೊಡವಿದೆ. ಬಿಡಿಸಿ ಬಿಸಿಲಿಗೆ ಹಿಡಿದು ಅವರಿಗೆ ತೋರಿಸಿದೆ.

"ನೋಡಿ ಅಮ್ಮ, ಈಗ ಒಂದು ಹುಳ ಇಲ್ಲ" ಎಂದೆ.

ಪದ್ಮಣ್ಣನವರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತುಬಿಟ್ಟರು. ಜಿನಮತಿಯವರು ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಲಿಲ್ಲ, ಕಲ್ಲನ್ನು ನೋಡುತ್ತಿದ್ದರು. ಕಪ್ಪೆಮರಿ ಒಂದು ಸಲ ಮೇಲಕ್ಕೆ ಹಾರಿತು, ಮತ್ತೆ ಒಂದು ಸಲ. ಆಮೇಲೆ ಹಾರಲಿಲ್ಲ.

"ಅವರು ತಿನ್ನೋಕೆ ಅಂತ ಕೊಂದ್ರು ಮೇಷ್ಟ್ರೇ" ಎಂದರು ಆಕೆ. "ಇವು ನಿಮಗೇನು ಮಾಡಿದ್ವು?"

ಕೋಪ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

"ಅಮ್ಮಾ, ನನಗೆ ಗೊತ್ತಿರಲಿಲ್ಲ" ಎಂದೆ.

"ಹೇಳಿದ್ದೆ ಮೇಷ್ಟ್ರೇ" ಎಂದರು ಪದ್ಮಣ್ಣನವರು, ತಲೆ ಎತ್ತದೆ. "ಮೂರನೇ ಕರಾರು."

ಜಿನಮತಿಯವರು ತಮ್ಮನ ಹೆಗಲು ಹಿಡಿದು ಎದ್ದರು. "ಅಂತರಾಯ ಆಯ್ತು. ನಡಿ ಪದ್ಮ" ಎಂದರು. ನಾನು ಅಡ್ಡ ನಿಂತೆ. ಬೇಡಿಕೊಂಡೆ, ತಪ್ಪು ನನ್ನದು, ಶಿಕ್ಷೆ ನನಗಾಗಲಿ, ಡಾಕ್ಟರು ಹೇಳಿದ್ದನ್ನು ನೆನೆಸಿಕೊಳ್ಳಿ ಎಂದೆ. ಕಾಲು ಹಿಡಿಯಲೂ ಬಗ್ಗಿದೆ. ಆಕೆ ನನ್ನನ್ನು ಬಳಸಿ ಪಕ್ಕದಿಂದ ಹೋದರು. ಅಲ್ಲಿಂದ ಮನೆ ಮುಟ್ಟುವಷ್ಟರಲ್ಲಿ ಪದ್ಮಣ್ಣನವರು ಅವರನ್ನು ಎತ್ತಿಕೊಂಡೇ ಹೋಗಬೇಕಾಯಿತು.

ಅಷ್ಟರಲ್ಲಿ ದಂಡೆಯ ಮೇಲೆ ಲಾರಿ ಹಾರನ್ನು ಬಾರಿಸಿತು. ಗುಡಾರ ಕಿತ್ತಿದ್ದರು. ಸುಂದರರಾಜ ಲಾರಿಯ ಮೇಲಿಂದಲೇ ಕೈಬೀಸಿದ. "ಭಾವ, ಬಲು ಚೆನ್ನಾಗಿತ್ತು! ಸಂಕ್ರಾಂತಿಗೆ ಮತ್ತೆ ಬರ್ತೀವಿ! ಇನ್ನೂ ಕೋಪಾನಾ?"

ಅವನ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದು ಎರಡು ದಿನದಿಂದ ಕೂಡಿಟ್ಟುಕೊಂಡಿದ್ದೆ. ಈಗ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಲಾರಿ ಹೋಯಿತು. ಅವರು ಬಿಟ್ಟುಹೋದ ಎಲೆಗಳ ಮೇಲೆ ನೊಣಗಳು ಗುಂಯ್ ಎನ್ನುತ್ತಿದ್ದವು. ಮೊದಲ ಸಲ ಅದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ನನ್ನ ಕೈ ನೋಡಿದರೆ ಅನ್ನಿಸುತ್ತಿತ್ತು.

ಶಾಲೆಗೆ ರಜ ಚೀಟಿ ಕಳಿಸಿ ಆ ದಿನವೆಲ್ಲ ಪದ್ಮಣ್ಣನವರ ಜಗಲಿಯ ಮೇಲೆ ಕೂತೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಡಾಕ್ಟರು ಬಂದರು. ಒಳಗಿಂದ ಅವರು ಗದರುವುದು ಕೇಳಿಸಿತು: "ಒಂದು ಚಮಚ ನೀರು ಅಮ್ಮ, ಒಂದು ಚಮಚ!" ಸ್ವಲ್ಪ ಹೊತ್ತಿಗೆ ಬ್ಯಾಗು ಹಿಡಿದು ಹೊರಗೆ ಬಂದರು. ನನ್ನ ಕಡೆ ನೋಡಿ, "ಇದಕ್ಕೆಲ್ಲಾ ಯಾವನ್ರೀ ಕಾರಣ?" ಎಂದರು. "ನಾನು" ಎಂದೆ. ಅವರು ಸೈಕಲ್ ಹತ್ತಿ ಹೋದರು.

ಮೂರು ಗಂಟೆಯ ಹೊತ್ತಿಗೆ ಆಕೆ ತಮ್ಮನನ್ನು ಗುರುತು ಹಿಡಿಯಲಿಲ್ಲವಂತೆ. ಗಂಡನ ಹೆಸರು ಹಿಡಿದು ಮಾತಾಡಿಸಿದರಂತೆ. ಪದ್ಮಣ್ಣನವರ ಹೆಂಡತಿ ಕಾಂಚನಮಾಲಾ ಬಾಗಿಲಲ್ಲಿ ನಿಂತು ಇದನ್ನು ನನಗೆ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಗಂಡ ಹೆಂಡತಿಯೂ ಆವತ್ತು ಉಂಡಿರಲಿಲ್ಲ. ಕತ್ತಲಾಗುತ್ತಲೇ ನಾನು ಎದ್ದು ಮನೆಗೆ ಹೋದೆ. ಯದುಗಿರಿ ಎಲೆ ಹಾಕಿದ್ದಳು. ಮೊದಲು ರೇಗಿದಳು, ಆಮೇಲೆ ನನ್ನ ಮುಖ ನೋಡಿ ಎಲೆ ತೆಗೆದಳು.

ಮಂಗಳವಾರ ಬೆಳಕು ಹರಿಯುವಾಗ ಬಾವಿಯ ಹತ್ತಿರ ಹೋಗಿ ನಿಂತೆ. ಕಟ್ಟೆ ಹತ್ತಲಿಲ್ಲ. ಪದ್ಮಣ್ಣನವರು ಬಿಂದಿಗೆ, ಬಟ್ಟೆ ಹಿಡಿದು ಒಬ್ಬರೇ ಬಂದರು. ಒಂದೇ ರಾತ್ರಿಯಲ್ಲಿ ಅವರಿಗೂ ವಯಸ್ಸಾಗಿತ್ತು.

"ಹೇಗಿದ್ದಾರೆ?" ಎಂದೆ.

"ಬೆಳಗಿನ ಜಾವ ತಿಳಿವಳಿಕೆ ಬಂತು. ಏಳೋಕೆ ಆಗಲ್ಲ, ಇಲ್ಲಿಗೆ ಬರೋಕಂತೂ ಆಗಲ್ಲ." ಬಿಂದಿಗೆಯನ್ನು ನನ್ನ ಮುಂದೆ ಇಟ್ಟರು. ಬಟ್ಟೆಯನ್ನು ಅದರ ಮೇಲಿಟ್ಟರು. "ನೀರು ಮೇಷ್ಟ್ರೇ ಸೋಸ್ಕೊಂಡು ಬರಲಿ ಅಂದ್ಲು."

"ನಾನಾ?"

"ನಾನು ಬೇಡ ಅಂದೆ ಮೇಷ್ಟ್ರೇ, ಸುಳ್ಳು ಹೇಳಲ್ಲ. ಕೇಳಲಿಲ್ಲ. ನಾನು ಇಲ್ಲಿ ನಿಂತು ನೋಡಕೂಡದು ಅಂತಲೂ ಅಂದ್ಲು."

ಹಿಂತಿರುಗಿ ನೋಡದೆ ಹೋದರು. ಬಾವಿಯ ಹತ್ತಿರ ನಾನೊಬ್ಬನೇ ಉಳಿದೆ. ಏಕಾಂತಯ್ಯನೂ ಇರಲಿಲ್ಲ.

ಸೇದಿದೆ. ಬಟ್ಟೆ ಹಾಸಿ ಹೊಯ್ದೆ. ನೀರು ಇಳಿಯಿತು, ಅವು ಉಳಿದವು. ನಿನ್ನೆಗಿಂತ ಜಾಸ್ತಿಯೇ ಇದ್ದವು. ಕೆಂಪಗೆ, ಸಣ್ಣಗೆ, ಒಂದರ ಮೇಲೊಂದು ಹೊರಳುತ್ತಿದ್ದವು. ಇವುಗಳ ಮೇಲೆ ನನಗೆ ಕರುಣೆ ಬಂದಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಬರಲಿಲ್ಲ. ಮೈ ಜುಮ್ಮೆಂದು ಹೊಟ್ಟೆ ತೊಳಸಿತು. ಒಗೆಯುವ ಕಲ್ಲು ಪಕ್ಕದಲ್ಲೇ ಇತ್ತು.

ಕಂಬದಿಂದ ಚೆಂಬು ತೆಗೆದೆ. ಬಟ್ಟೆಯನ್ನು ಅದರೊಳಕ್ಕೆ ಮಗುಚಿ, ಸೋಸಿದ ನೀರು ಹಾಕಿ, ಬೆರಳಿನಿಂದ ಮೆಲ್ಲಗೆ ತೊಳೆದೆ. ಒಂದು ಹುಳ ಬೆರಳಿಗೆ ಅಂಟಿಕೊಂಡಿತು. ಬೆರಳು ಅದ್ದಿ ಅದನ್ನೂ ಬಿಟ್ಟೆ. ಹಗ್ಗ ಹಿಡಿದು ಚೆಂಬನ್ನು ಇಳಿಸಿದೆ, ಗೋಡೆಗೆ ತಾಗದ ಹಾಗೆ. ಕೆಳಗೆ ನೀರು ಮುಟ್ಟಿದ ಸದ್ದು ಕೇಳಿದ ಮೇಲೆ ಬುಡದ ದಾರ ಎಳೆದೆ. "ಹೋಗ್ರಪ್ಪಾ" ಎಂದೆ.

ಜಿನಮತಿಯವರನ್ನು ನಡುಮನೆಯಲ್ಲಿ ಚಾಪೆಯ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದ್ದರು. ಕಾಂಚನಮಾಲಾ ನಾನು ತಂದ ನೀರನ್ನು ಕಾಯಿಸಿ ಆರಿಸಿ ಲೋಟದಲ್ಲಿ ತಂದರು. ಆಕೆ ಲೋಟ ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ಹುಡುಕಿ ನೋಡಿದರು.

"ಎಲ್ಲಿ ಬಿಟ್ರಿ?" ಎಂದರು.

"ಬಾವೀಲಿ ಅಮ್ಮ."

"ಚೆಂಬು ನೀರು ಮುಟ್ಟಿತಾ?"

"ಮುಟ್ಟಿತು."

ಪದ್ಮಣ್ಣನವರು ನೆಲ ನೋಡುತ್ತಿದ್ದರು. ಆಕೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಎರಡೂ ಕೈ ಮುಂದೆ ಚಾಚಿ ಬೊಗಸೆ ಮಾಡಿದರು. ಕಾಂಚನಮಾಲಾ ನೀರು ಹೊಯ್ದರು. ಒಡೆದ ತುಟಿಗೆ ಬೊಗಸೆ ಹಚ್ಚಿ ಆಕೆ ಕುಡಿದರು, ಮತ್ತೆ ಕೈಯೊಡ್ಡಿದರು.

ಸೋಸಿದ ಬಟ್ಟೆ ನನ್ನ ಹೆಗಲ ಮೇಲೆ ಒದ್ದೆಯಾಗಿ ಬಿದ್ದಿತ್ತು. ಪಾಚಿಯ ವಾಸನೆ ಹೊಡೆಯುತ್ತಿತ್ತು. ಅದನ್ನು ಕೊಡವದೆ ಹಾಗೆಯೇ ನಿಂತಿದ್ದೆ.